ಶಿಶುವಿಹಾರದ ಅರ್ಜಿಯಲ್ಲಿ ಅಮ್ಮನ ಪಾಲು

ಹೆಬ್ಬಗೋಡೀಲಿ ಈಗ ಮೂರು ವರ್ಷದ ಮಗುನ ಎಲ್ಲಿಗೆ ಸೇರಿಸ್ತೀರ ಅಂತ ಕೇಳಿದ್ರೆ ಪ್ಲೇ ಹೋಮ್, ಪ್ರೀ ನರ್ಸರಿ, ಮಾಂಟೆಸ್ಸರಿ, ಕಿಡ್ಸು ಅಂತ ಒಂದೊಂದು ರಸ್ತೆಗೆ ಒಂದೊಂದು ಹೆಸರು ಬರ್ತವೆ. ಶಿಶುವಿಹಾರ ಅನ್ನೋ ಹೆಸರು ಮಾತ್ರ ಯಾರ ಬಾಯಲ್ಲೂ ಬರಲ್ಲ. ನಮ್ಮ ಅಮ್ಮಂದಿರ ಕಾಲದಲ್ಲಿ ಅದೊಂದೇ ಹೆಸರು ಗೊತ್ತಿದ್ದಿದ್ದು.

ಹೆಸರು ಹೋಗಿದ್ದಕ್ಕೆ ನಂಗೇನೂ ಬೇಜಾರಿಲ್ಲ. ಅದರ ಜೊತೇಲಿ ಇನ್ನೊಂದು ಹೋಯ್ತು, ಅದರ ಬಗ್ಗೆ ಹೇಳ್ಬೇಕು. ಈಗ ಸೇರಿಸೋಕೆ ಹೋದ್ರೆ ಒಂದು ಫಾರಂ ಕೊಡ್ತಾರೆ. ಮಗು ಹೆಸರು, ಜನನ ಪ್ರಮಾಣಪತ್ರ, ಆಧಾರ್, ಲಸಿಕೆ ಕಾರ್ಡು, ನಾಲ್ಕು ಫೋಟೋ, ಅಪ್ಪನ ಕೆಲಸ, ಅಮ್ಮನ ಕೆಲಸ, ಫೀಸು ಎಷ್ಟು ಕಂತು. ಮುಗೀತು. ಗೇಟಿನ ಹೊರಗೆ ನಿಂತು ಟಾಟಾ ಮಾಡೋದು ಬಿಟ್ರೆ ನಮಗೆ ಅಲ್ಲಿ ಬೇರೆ ಕೆಲಸ ಇಲ್ಲ. ಆದ್ರೆ ಇನ್ನೊಂದು ಥರದ ಫಾರಂ ಕೂಡ ಪ್ರಪಂಚದಲ್ಲಿ ನೂರು ವರ್ಷದಿಂದ ಐತೆ. ಅದರಲ್ಲಿ "ನೀವು ವಾರದಲ್ಲಿ ಯಾವ ದಿನ ಬರ್ತೀರ? ಅಡುಗೆಗಾ, ಲೆಕ್ಕಕ್ಕಾ, ಮಕ್ಕಳ ಜೊತೆ ಕೂರೋಕಾ?" ಅಂತ ಕೇಳ್ತಾರೆ. ಅಪ್ಪ ಅಮ್ಮಂದಿರೇ ಸೇರಿ ನಡೆಸೋ ಮಕ್ಕಳ ಮನೆ ಅದು. ನಮ್ಮ ಬೀದಿಯ ನಾಲ್ಕೈದು ಮನೆಯೋರು ಅಂಥದ್ದನ್ನ ಇಲ್ಲೇ ಒಂದು ಬಾಡಿಗೆ ಮನೇಲಿ ಶುರು ಮಾಡೋಣ ಅಂತ ಮಾತಾಡ್ಕೊಳ್ತಾ ಅವ್ರೆ. "ಇದು ಫಾರಿನ್ನಿನೋರ ಐಡಿಯಾ ಅಲ್ವಾ ಅಕ್ಕ, ನಮ್ಮ ಕಡೆ ನಡೆಯುತ್ತಾ?" ಅಂತ ಒಬ್ರು ಕೇಳಿದ್ರು. ಬಾಯಲ್ಲಿ ಹೇಳಿದ್ರೆ ಅರ್ಧಂಬರ್ಧ ಆಗುತ್ತೆ ಅಂತ ಇಲ್ಲಿ ಬರೀತಿದೀನಿ.

ಮೊದಲು ರೋಮಿಗೆ ಹೋಗಿ ಬರೋಣ. ಯಾಕಂದ್ರೆ ಅಲ್ಲಿನ ಕಥೆ ನಮ್ಮ ಇಂಡಸ್ಟ್ರಿಯಲ್ ಏರಿಯಾದ ಕಥೆ ಥರಾನೇ ಐತೆ. ಸ್ಯಾನ್ ಲೊರೆಂಜೊ ಅಂತ ಒಂದು ಬಡವರ ಬಡಾವಣೆ. ದೊಡ್ಡ ದೊಡ್ಡ ವಠಾರದ ಕಟ್ಟಡಗಳು. ಅಪ್ಪ ಅಮ್ಮ ಇಬ್ಬರೂ ಬೆಳಗ್ಗೆ ಕೆಲಸಕ್ಕೆ ಹೋದ್ರೆ ಮಕ್ಕಳು ಮೆಟ್ಟಿಲ ಮೇಲೆ ಓಡಾಡ್ಕೊಂಡು ಹೊಸದಾಗಿ ಬಳಿದ ಗೋಡೆ ಎಲ್ಲಾ ಗೀಚಿ ಹಾಳು ಮಾಡೋವು. ಕಟ್ಟಡದ ಕಂಪನಿಯೋರು ಲೆಕ್ಕ ಹಾಕಿದ್ರು: ಗೋಡೆ ರಿಪೇರಿಗೆ ಕೊಡೋ ದುಡ್ಡಲ್ಲಿ ಮಕ್ಕಳನ್ನ ಒಂದು ಕೋಣೇಲಿ ಕೂರಿಸಿ ನೋಡ್ಕೊಳ್ಳೋಕೆ ಯಾರನ್ನಾದ್ರೂ ಇಡಬಹುದಲ್ಲ ಅಂತ. ಹಂಗೆ ಕರೆಸಿದ್ದು ಡಾಕ್ಟರ್ ಮರಿಯಾ ಮಾಂಟೆಸ್ಸರಿಯನ್ನ. 1907ರ ಜನವರಿ 6ರಂದು ಸುಮಾರು ಐವತ್ತು ಮಕ್ಕಳ ಜೊತೆ ಆ ಕೋಣೆ ತೆರೀತು. ಈಗ ನಮ್ಮ ಬೋರ್ಡುಗಳ ಮೇಲೆ ಇರೋ ಮಾಂಟೆಸ್ಸರಿ ಅನ್ನೋ ಹೆಸರು ಆಯಮ್ಮನದೇ. ಬಡ ಕೂಲಿಕಾರರ ಮಕ್ಕಳಿಗೆ ಪುಕ್ಕಟೆಯಾಗಿ ಶುರುವಾಗಿದ್ದು ಇವತ್ತು ಫೀಸು ಜಾಸ್ತಿ ಅನ್ನೋದಕ್ಕೆ ಇನ್ನೊಂದು ಹೆಸರಾಗಿದೆ ನೋಡಿ.

ಅಲ್ಲಿ ಸೇರಿಸೋ ನಿಯಮಗಳನ್ನ ಮಾಂಟೆಸ್ಸರಿ ತನ್ನ ಪುಸ್ತಕದಲ್ಲೇ ಬರೆದಿಟ್ಟವ್ರೆ. ಮಗುಗೆ ಮೂರರಿಂದ ಏಳು ವರ್ಷ ಆಗಿರ್ಬೇಕು. ದುಡ್ಡು ಒಂದು ಪೈಸೆ ಇಲ್ಲ. ಆದ್ರೆ ಅಮ್ಮಂದಿರು ಹೇಳಿದ ಹೊತ್ತಿಗೆ ಮಗುನ ಮೈ ತೊಳೆದು, ಶುಚಿಯಾದ ಬಟ್ಟೆ ಹಾಕಿ ಕಳಿಸ್ಬೇಕು. ವಾರಕ್ಕೆ ಒಂದು ಸಲವಾದ್ರೂ ಬಂದು ಟೀಚರ್ ಹತ್ರ ಮಗು ಬಗ್ಗೆ ಮಾತಾಡ್ಬೇಕು, ಮನೇಲಿ ಹೆಂಗಿದೆ ಅಂತ ಹೇಳ್ಬೇಕು. ಮಾಡಲಿಲ್ಲ ಅಂದ್ರೆ ಮಗುನ ತೆಗೆದು ಹಾಕ್ತಾರೆ. ಸ್ವಲ್ಪ ಬಿಗಿಯೇ ಅನ್ನಿ. ಮೈ ತೊಳೆಯೋಕೆ ನೀರು ಸಿಗದ ಮನೆಯೋರು ಏನ್ಮಾಡ್ಬೇಕು ಅಂತ ನಂಗೆ ಮೊದಲು ಬಂದಿದ್ದೇ ಆ ಪ್ರಶ್ನೆ, ಬೇಸಿಗೇಲಿ ಟ್ಯಾಂಕರ್‌ಗೆ ಕಾಯೋ ಊರಲ್ಲಿದ್ದೀವಲ್ಲ. ಆದ್ರೆ ಅದರ ಇನ್ನೊಂದು ಮಗ್ಗುಲೂ ಐತೆ. ಆ ಕೋಣೆ ಖರ್ಚು ಅವರು ಕಟ್ಟೋ ಬಾಡಿಗೆಯ ಒಂದು ಭಾಗದಿಂದಲೇ ನಡೀತಿತ್ತು. ಅದಕ್ಕೆ ಮಾಂಟೆಸ್ಸರಿ ಇದು ನಿಮ್ಮದೇ ಆಸ್ತಿ ಅಂತ ಅಮ್ಮಂದಿರಿಗೆ ಹೇಳ್ತಿದ್ರು. ಯಾವ ಹೊತ್ತಿನಲ್ಲಾದ್ರೂ ಬಂದು ಒಳಗೆ ಏನು ನಡೀತಿದೆ ಅಂತ ನೋಡೋ ಹಕ್ಕು ಅವರಿಗಿತ್ತು. ಟೀಚರ್ ಅದೇ ವಠಾರದಲ್ಲೇ ಮನೆ ಮಾಡ್ಕೊಂಡಿದ್ರು. ಇವತ್ತು ಗೇಟಲ್ಲಿ ಸೆಕ್ಯುರಿಟಿ ನಮ್ಮನ್ನ ತಡೆಯೋದನ್ನ ನೋಡಿದ್ರೆ, ಆ ರೋಮಿನ ಬಟ್ಟೆ ಒಗೆಯೋ ಹೆಂಗಸಿಗೆ ನಮಗಿಂತ ಜಾಸ್ತಿ ಅಧಿಕಾರ ಇತ್ತು.

ಅಪ್ಪ ಅಮ್ಮಂದಿರೇ ಪೂರ್ತಿ ನಡೆಸೋ ಪದ್ಧತಿ ಅಮೆರಿಕದ ಶಿಕಾಗೊದಲ್ಲಿ 1916ರಲ್ಲಿ ಬಂತು. ಅಲ್ಲಿನ ಯೂನಿವರ್ಸಿಟಿ ಮೇಷ್ಟ್ರುಗಳ ಹೆಂಡ್ತೀರು ಹನ್ನೆರಡು ಜನ ಸೇರಿ ಸರದಿ ಹಾಕ್ಕೊಂಡು ಮಕ್ಕಳನ್ನ ನೋಡ್ಕೊಂಡ್ರು. ಮೊದಲ ಮಹಾಯುದ್ಧದ ಕಾಲ, ಉಳಿದ ಹೊತ್ತಲ್ಲಿ ರೆಡ್ ಕ್ರಾಸ್ ಕೆಲಸಕ್ಕೆ ಹೋಗಬಹುದು ಅಂತ. ನ್ಯೂಜಿಲೆಂಡಲ್ಲಿ 1941ರಲ್ಲಿ, ಗಂಡಂದಿರು ಎರಡನೇ ಯುದ್ಧಕ್ಕೆ ಹೋದಾಗ, ಪ್ಲೇಸೆಂಟರ್ ಅಂತ ಶುರು ಮಾಡಿದ್ರು, ಅದು ಇವತ್ತಿಗೂ ಐತೆ. ಅಲ್ಲಿ ಅಮ್ಮಂದಿರೇ ತರಬೇತಿ ತಗೊಂಡು ಟೀಚರ್ ಆಗ್ತಾರೆ. ಇಟಲಿಯ ರೆಜ್ಜೊ ಎಮಿಲಿಯಾ ಊರ ಹತ್ರ 1945ರಲ್ಲಿ ಯುದ್ಧ ಮುಗಿದ ಕೂಡಲೇ ಹಳ್ಳಿಯೋರು ಜರ್ಮನ್ ಸೈನ್ಯ ಬಿಟ್ಟು ಹೋದ ಒಂದು ಟ್ಯಾಂಕು, ಕೆಲವು ಲಾರಿ, ಕುದುರೆಗಳನ್ನ ಮಾರಿ ಬಂದ ದುಡ್ಡಲ್ಲಿ ಮಕ್ಕಳ ಶಾಲೆ ಕಟ್ಟಿದ್ರು. ಯುದ್ಧದ ಟ್ಯಾಂಕ್ ಮಾರಿ ಸ್ಲೇಟು ತಂದಂಗೆ!

ನಮ್ಮ ದೇಶಕ್ಕೆ ಬಂದ್ರೆ ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅಂತ ಒಬ್ರು ವಕೀಲರಿದ್ರು. ತಮ್ಮ ಮಗನ್ನ ಹೆಂಗೆ ಬೆಳೆಸೋದು ಅಂತ ಯೋಚನೆ ಹತ್ತಿ ಮಾಂಟೆಸ್ಸರಿ ಪುಸ್ತಕ ಓದಿ, ವಕೀಲಿಕೆ ಬಿಟ್ಟು, 1920ರಲ್ಲಿ ಬಾಲಮಂದಿರ ತೆರೆದ್ರು. ಜನ ಅವರನ್ನ ಮೀಸೆ ಇರೋ ಅಮ್ಮ ಅಂತ ಕರೀತಿದ್ರಂತೆ. ಅವರ ಜೊತೆ ಕೆಲಸ ಮಾಡಿದ ತಾರಾಬಾಯಿ ಮೋಡಕ್ ಮುಂದೆ ಮಹಾರಾಷ್ಟ್ರದ ಬೋರ್ಡಿ ಅನ್ನೋ ಊರಿಗೆ 1945ರಲ್ಲಿ ಹೋದ್ರು. ಅಲ್ಲಿ ಕೂಲಿಕಾರರ ಮಕ್ಕಳು ಶಾಲೆ ಕಡೆಗೇ ಬರ್ತಿರಲಿಲ್ಲ. ಬರ್ಲಿಲ್ಲ ಅಂದ್ರೆ ಬುಡಿ, ನಾವೇ ಅವರ ಅಂಗಳಕ್ಕೆ ಹೋಗೋಣ ಅಂತ ಕೇರಿಯ ಅಂಗಳದಲ್ಲೇ ಮಕ್ಕಳನ್ನ ಕೂಡಿಸಿ ಹಾಡು, ಆಟ, ಸ್ನಾನ ಎಲ್ಲಾ ಶುರು ಮಾಡಿದ್ರು. ಅಂಗನವಾಡಿ ಅನ್ನೋ ಹೆಸರು ಅಲ್ಲಿಂದ ಬಂದಿದ್ದು. ಅಂಗನ ಅಂದ್ರೆ ಅಂಗಳ. ನಮ್ಮಲ್ಲಿ ಎಷ್ಟೋ ಜನ ಅದು ಸರ್ಕಾರದೋರು ಇಟ್ಟ ಹೆಸರು ಅಂದ್ಕೊಂಡವ್ರೆ.

ಈಗ ನಮ್ಮ ಬೆಂಗಳೂರು, ಮೈಸೂರು. ಇಲ್ಲಿ ಈ ಕೆಲಸಕ್ಕೆ ಕೈ ಹಾಕಿದ್ದು ಮಹಿಳಾ ಸಮಾಜಗಳು. ಬೆಂಗಳೂರಿನ ಮಹಿಳಾ ಸೇವಾ ಸಮಾಜ 1913ರಲ್ಲೇ ಶುರುವಾಗಿದ್ದು. ಸರಸ್ವತಿ ಪತ್ರಿಕೆ ನಡೆಸ್ತಿದ್ದ ಆರ್. ಕಲ್ಯಾಣಮ್ಮನವರು 1938ರಲ್ಲಿ ಚಾಮರಾಜಪೇಟೇಲಿ ಮಕ್ಕಳ ಕೂಟ ಕಟ್ಟಿದ್ರು. ಆಯಮ್ಮ ಬಾಲವಿಧವೆ, ಸ್ವಂತ ಮಕ್ಕಳಿಲ್ಲ. ಊರ ಮಕ್ಕಳಿಗೆಲ್ಲ ಹಾಡೋಕೆ, ಆಡೋಕೆ, ನಾಟಕ ಮಾಡೋಕೆ ಒಂದು ಜಾಗ ಬೇಕು ಅಂತ ಹಟ ಹಿಡಿದು ಮಾಡಿದ್ದು. ಬಸ್ಸಲ್ಲಿ ಹೋಗೋವಾಗ ಈಗ್ಲೂ ಮಕ್ಕಳ ಕೂಟ ಅಂದ್ರೆ ಕಂಡಕ್ಟರಿಗೆ ಗೊತ್ತು.

ಸ್ವಾತಂತ್ರ್ಯ ಬಂದ್ಮೇಲೆ 1953ರಲ್ಲಿ ದೆಹಲೀಲಿ ದುರ್ಗಾಬಾಯಿ ದೇಶಮುಖರ ಮುಂದಾಳತ್ವದಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಆಯ್ತು. ಹೆಂಗಸರ ಸಂಘಗಳಿಗೆ ಅದು ಅನುದಾನ ಕೊಡೋಕೆ ಶುರು ಮಾಡ್ತು. ಆಮೇಲೆ ನೋಡಿ, ನಮ್ಮ ತಾಲೂಕು ಊರುಗಳಲ್ಲೆಲ್ಲ ಮಹಿಳಾ ಸಮಾಜದ ಶಿಶುವಿಹಾರಗಳು. ನಿಮ್ಮಲ್ಲಿ ಐವತ್ತು ದಾಟಿದೋರಿಗೆ ನೆನಪಿರ್ಬೇಕು. ಒಂದೇ ದೊಡ್ಡ ಹಾಲು. ಬೆಳಗ್ಗೆ ಅದು ಶಿಶುವಿಹಾರ, ಮಧ್ಯಾಹ್ನ ಹೊಲಿಗೆ ಕ್ಲಾಸು, ಸಾಯಂಕಾಲ ಭಜನೆ. ಗೋಡೆ ಮೇಲೆ ಗಾಂಧಿ, ನೆಹರು. ಮೂಲೇಲಿ ಮರದ ಜಾರುಬಂಡೆ, ಕಡ್ಡಿ ಕಿತ್ತು ಹೋದ ಮಣಿಚೌಕಟ್ಟು. ವಿಜಯದಶಮಿ ದಿನ ಅಕ್ಕಿ ಮೇಲೆ ಅಕ್ಷರ ತಿದ್ದಿಸಿ ಕರ್ಕೊಂಡು ಹೋದ್ರೆ ಅರ್ಜಿ ಗಿರ್ಜಿ ಏನಿಲ್ಲ, ರಿಜಿಸ್ಟರಲ್ಲಿ ಹೆಸರು ಬರ್ಕೊಂಡು ಒಳಗೆ ಕೂರಿಸೋರು. ಟೀಚರಮ್ಮನಿಗೆ ಗೌರವಧನ ಅಂತ ಏನೋ ಸ್ವಲ್ಪ. ಅದನ್ನ ಹೊಂದಿಸೋಕೆ ಸಮಾಜದ ಸದಸ್ಯೆಯರ ವಂತಿಗೆ, ಮಕ್ಕಳ ಸಣ್ಣ ಫೀಸು, ವರ್ಷಕ್ಕೊಂದು ಸಲ ಹಪ್ಪಳ ಸಂಡಿಗೆ ಮಾರಾಟ.

ಇದು ಸಹಕಾರಿ ಶಿಶುವಿಹಾರ ಅಲ್ಲದೆ ಇನ್ನೇನು? ಯಾರೂ ಹಂಗೆ ಕರೀಲಿಲ್ಲ ಅಷ್ಟೇ. ಕಮಿಟೀಲಿ ಇದ್ದೋರ ಮಕ್ಕಳು, ಅಕ್ಕಪಕ್ಕದ ಮನೆ ಮಕ್ಕಳು ಅಲ್ಲೇ ಕೂರ್ತಿದ್ದಿದ್ದು. ಅವಲಕ್ಕಿ ಯಾರ ಮನೆಯದು, ಬೆಲ್ಲ ಯಾರ ಮನೆಯದು ಅಂತ ಮಾತಾಡ್ಕೊಂಡೇ ನಡೀತಿತ್ತು. ಆದ್ರೆ ಒಂದು ಮಾತು ಮುಚ್ಚಿಡಬಾರದು. ಆ ಸಮಾಜಗಳ ಸದಸ್ಯೆಯರು ಬಹುಪಾಲು ಓದಿದ ಮನೆಯೋರು, ಆಫೀಸರ ಹೆಂಡ್ತೀರು, ಮನೇಲಿ ಕೆಲಸಕ್ಕೆ ಆಳಿದ್ದೋರು. ಹನ್ನೊಂದು ಗಂಟೆಗೆ ಸೀರೆ ಬದಲಾಯಿಸ್ಕೊಂಡು ಸಮಾಜಕ್ಕೆ ಹೋಗೋಕೆ ಹೊತ್ತಿದ್ದೋರು. ಶಿಕಾಗೊದ ಮೇಷ್ಟ್ರ ಹೆಂಡ್ತೀರೂ ಹಂಗೇ. ಗದ್ದೆ ಹೊಲಕ್ಕೆ ಹೋಗೋಳ ಮಗು ಆ ಹಾಲಿಗೆ ಎಷ್ಟು ಬಂದೀತು? ಆಕೆಯ ಮಗು ಬದುವಿನ ಮೇಲೆ, ಹೊಂಗೆ ಮರಕ್ಕೆ ಸೀರೆ ಕಟ್ಟಿದ ಜೋಲೀಲಿ ಮಲಗಿರೋದು. ಇನ್ನ ಸ್ವಲ್ಪ ದೊಡ್ಡದಾದ್ರೆ ಅದರ ಅಕ್ಕ ಶಾಲೆ ಬಿಟ್ಟು ಅದನ್ನ ಸೊಂಟದ ಮೇಲೆ ಹೊತ್ಕೊಂಡು ತಿರುಗೋಳು.

ಅಂಥ ಮಗುಗೇ ಅಂತ ಬಂದಿದ್ದು ಅಂಗನವಾಡಿ ಯೋಜನೆ. 1975ರ ಅಕ್ಟೋಬರ್ 2ರಂದು ಇಡೀ ದೇಶದಲ್ಲಿ 33 ಕಡೆ ಪ್ರಯೋಗಕ್ಕೆ ಶುರುವಾಯ್ತು. ನಮ್ಮ ರಾಜ್ಯದಲ್ಲಿ ಮೊದಲು ಆಗಿದ್ದು ಮೈಸೂರು ಜಿಲ್ಲೆ ಟಿ. ನರಸೀಪುರದಲ್ಲಿ, 100 ಕೇಂದ್ರಗಳು. ಇವತ್ತು ರಾಜ್ಯದಲ್ಲಿ 65 ಸಾವಿರಕ್ಕೂ ಜಾಸ್ತಿ. ಮೂರರಿಂದ ಆರು ವರ್ಷದ ಮಕ್ಕಳಿಗೆ ಆಟಪಾಠ, ಊಟ, ಹಾಲು, ಮೊಟ್ಟೆ, ಚುಚ್ಚುಮದ್ದು, ತೂಕ, ಗರ್ಭಿಣಿ ಬಾಣಂತಿಯರಿಗೆ ಪೌಷ್ಟಿಕ ಆಹಾರ, ಎಲ್ಲಾ ಪುಕ್ಕಟೆ. ಇಷ್ಟು ದೊಡ್ಡ ಕೆಲಸ ಯಾವ ಮಹಿಳಾ ಸಮಾಜದ ಕೈಲೂ ಆಗ್ತಿರಲಿಲ್ಲ, ಅದನ್ನ ಒಪ್ಕೊಳ್ಳಲೇಬೇಕು. ಆದ್ರೆ ಅಮ್ಮ ಅನ್ನೋಳು ನಡೆಸೋಳಿಂದ ಈಸ್ಕೊಳ್ಳೋಳು ಆಗಿಬಿಟ್ಳು. ಪೊಟ್ಟಣ ಬಂತಾ, ಮೊಟ್ಟೆ ಬಂತಾ ಅಂತ ಕೇಳೋಳು.

ಪೂರ್ತಿ ಹಂಗಾಗಬಾರದು ಅಂತಾನೇ ನಮ್ಮ ರಾಜ್ಯದಲ್ಲಿ ಬಾಲವಿಕಾಸ ಸಮಿತಿ ಅಂತ ಮಾಡವ್ರೆ. ಇದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತೇ ಇಲ್ಲ. ಪ್ರತಿ ಅಂಗನವಾಡಿಗೂ ಒಂದು ಸಮಿತಿ. ಅದರಲ್ಲಿ ಅಲ್ಲಿಗೆ ಬರೋ ಮಕ್ಕಳ ತಾಯಂದಿರು ಇರ್ತಾರೆ, ಕಾರ್ಯಕರ್ತೆ ಇರ್ತಾರೆ. ಸಮಿತಿ ಅಧ್ಯಕ್ಷೆ ಮತ್ತೆ ಕಾರ್ಯಕರ್ತೆ ಇಬ್ಬರ ಹೆಸರಲ್ಲಿ ಬ್ಯಾಂಕಲ್ಲಿ ಜಂಟಿ ಖಾತೆ. ಮೊಟ್ಟೆ, ತರಕಾರಿ ದುಡ್ಡು ಆ ಖಾತೆಗೆ ಬಂದು ಇವರು ಊರಲ್ಲೇ ಕೊಂಡಿದ್ದೂ ಐತೆ. ಅಂದ್ರೆ ಸರ್ಕಾರದ ಕಾಗದದ ಮೇಲೆ ನಾವು ಇವತ್ತಿಗೂ ನಡೆಸೋರೇ! ನಮ್ಮ ಸಹಿ ಇಲ್ಲದೆ ಖಾತೆಯಿಂದ ದುಡ್ಡು ಬರಲ್ಲ. ನಾವು ಮೀಟಿಂಗಿಗೆ ಹೋಗ್ತಿಲ್ಲ, ಅಷ್ಟೇ.

ಇನ್ನ ನಮ್ಮ ಹೆಬ್ಬಗೋಡಿ. ಆನೇಕಲ್ ತಾಲೂಕು ಅಂದ್ರೆ ರಾಗಿ, ಅವರೆ, ರೇಷ್ಮೆ, ಹುಸ್ಕೂರು ಮದ್ದೂರಮ್ಮನ ಜಾತ್ರೆ ಅಂತಿದ್ದ ಸೀಮೆ. 1978ರಲ್ಲಿ ಕಿಯೋನಿಕ್ಸ್‌ನೋರು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಹೊಲಗಳ 332 ಎಕರೇಲಿ ಎಲೆಕ್ಟ್ರಾನಿಕ್ ಸಿಟಿ ಮಾಡಿದ್ರು. ಈ ಕಡೆ ಬೊಮ್ಮಸಂದ್ರದಲ್ಲಿ ಫ್ಯಾಕ್ಟರಿ, ನಮ್ಮೂರಲ್ಲೇ ಬಯೋಕಾನ್. ಊರು ನಗರಸಭೆ ಆಯ್ತು. 2025ರ ಆಗಸ್ಟಿಂದ ಹಳದಿ ಮಾರ್ಗದ ಮೆಟ್ರೋ ತಲೆ ಮೇಲೇ ಓಡ್ತಾ ಐತೆ. ಹೊಲ ಇದ್ದಾಗ ಅಜ್ಜಿ ಇದ್ರು, ಚಿಕ್ಕಮ್ಮ ಇದ್ರು, ಅಂಗಳ ಇತ್ತು, ಮಗು ಎಲ್ಲೋ ಬೆಳ್ಕೊಳ್ತಿತ್ತು. ಈಗ ಬಾಡಿಗೆ ಮನೆ ಸಾಲುಗಳಲ್ಲಿ ರಾಯಚೂರಿನೋರು, ಕಲಬುರ್ಗಿಯೋರು, ಒಡಿಶಾದೋರು, ತಮಿಳುನಾಡಿನೋರು, ಎಲ್ಲರದೂ ಗಂಡ ಹೆಂಡ್ತಿ ಒಂದು ಮಗು, ಅಜ್ಜಿ ಊರಲ್ಲಿ. ಮಗುನ ನೋಡ್ಕೊಳ್ಳೋ ಕೈಗಳೇ ಇಲ್ಲ.

ಕಾನೂನು ಏನೂ ಮಾಡ್ಲಿಲ್ಲ ಅಂತಲ್ಲ. 1948ರ ಕಾರ್ಖಾನೆ ಕಾನೂನಲ್ಲೇ 50ಕ್ಕಿಂತ ಜಾಸ್ತಿ ಹೆಂಗಸರು ಕೆಲಸ ಮಾಡೋ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಕೂಸಿನ ಕೋಣೆ ಇರ್ಬೇಕು ಅಂತಿತ್ತು. 1976ರಲ್ಲಿ ಅದನ್ನ 30ಕ್ಕೆ ಇಳಿಸಿದ್ರು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ 50 ಜನ ಇರೋ ಎಲ್ಲಾ ಕಡೆಗೂ ಅದನ್ನ ಹಬ್ಬಿಸಿ, ಅಮ್ಮ ದಿನಕ್ಕೆ ನಾಲ್ಕು ಸಲ ಹೋಗಿ ಮಗುನ ನೋಡಬಹುದು ಅಂತು. ಆದ್ರೆ ಮಗುನ ಎತ್ಕೊಂಡು ಆ ಬಸ್ಸಲ್ಲಿ, ಆ ಹೊಸೂರು ರೋಡಿನ ಹೊಗೇಲಿ ಫ್ಯಾಕ್ಟರಿ ತನಕ ಹೋಗೋದು ಯಾರಿಗೆ ಬೇಕು? ಮಗು ಮನೆ ಹತ್ರಾನೇ ಇರ್ಲಿ ಅಂತಾರೆ. 2023-24ರ ಬಜೆಟ್ಟಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ಅಂತ ಹೇಳಿದ್ರು. ಒಳ್ಳೇದೇ. ಆದ್ರೆ ನಾವು ಈಗ ಪಂಚಾಯಿತಿ ಅಲ್ಲ, ನಗರಸಭೆ.

ನಂಗೆ ಕಾಡೋದು ಇನ್ನೊಂದು. ಸಹಕಾರ ಅನ್ನೋದು ನಮ್ಮೋರಿಗೆ ಹೊಸದಲ್ಲ. ಗದಗ ಕಡೆಯ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ಧನಗೌಡ ಪಾಟೀಲರು ದೇಶಕ್ಕೆಲ್ಲ ಮೊದಲನೇ ಕೃಷಿ ಸಹಕಾರ ಸಂಘ ಕಟ್ಟಿದ್ರು. ಆನೇಕಲ್ ತಾಲೂಕಿನ ಹಳ್ಳಿಗಳಲ್ಲಿ ಹೆಂಗಸರೇ ನಡೆಸೋ ಹಾಲು ಉತ್ಪಾದಕರ ಸಂಘಗಳಿವೆ. ಬೆಳಗಿನ ಜಾವ ಐದಕ್ಕೆ ಎದ್ದು ಹಾಲು ಅಳೆದು, ಡಿಗ್ರಿ ನೋಡಿ, ಪುಸ್ತಕದಲ್ಲಿ ಬರೆದು, ವಾರಕ್ಕೊಂದು ಬಟವಾಡೆ ಮಾಡೋಕೆ ಬರೋ ಹೆಂಗಸಿಗೆ ಹದಿನೈದು ಮಕ್ಕಳ ಶಿಶುವಿಹಾರದ ಲೆಕ್ಕ ಯಾವ ಮಹಾ? ಹಾಲಿಗೆ ಸಂಘ ಕಟ್ಟಿದೋರು ಹಾಲು ಕುಡಿಯೋ ಮಕ್ಕಳಿಗೆ ಯಾಕೆ ಕಟ್ಟಲಿಲ್ಲ? ಹಾಲು ಕೊಟ್ರೆ ದುಡ್ಡು ಬರುತ್ತೆ, ಮಗುಗೆ ಕೊಟ್ಟ ಹೊತ್ತಿಗೆ ಯಾರೂ ಬಟವಾಡೆ ಮಾಡಲ್ಲ, ಅದಕ್ಕೇ ಅಂತ ನನ್ನ ಲೆಕ್ಕ.

ನಮ್ಮ ಬೀದಿಯೋರು ಶುರು ಮಾಡೋದೇ ಆದ್ರೆ ದಾರಿ ಎರಡು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಏಳು ಜನ ಸೇರಿದ್ರೆ ಸಂಘ ಆಗುತ್ತೆ. 1959ರ ಸಹಕಾರ ಸಂಘಗಳ ಕಾಯ್ದೆ ಪ್ರಕಾರ ಆದ್ರೆ ಬೇರೆ ಬೇರೆ ಕುಟುಂಬದ ಹತ್ತು ಜನ ಬೇಕು, ಅತ್ತೆ ಸೊಸೆ ನಾದಿನಿ ಮೂರು ಸಹಿ ಹಾಕಿದ್ರೆ ಒಂದೇ ಲೆಕ್ಕ. ಇಂಥ ಸಣ್ಣ ಕೆಲಸಕ್ಕೆ ಮೊದಲನೇದೇ ಸಾಕು ಅನ್ಸುತ್ತೆ. ಕಾಗದಕ್ಕಿಂತ ಕಷ್ಟ ಸರದಿ. ಹನ್ನೆರಡು ಮಕ್ಕಳಿಗೆ ದಿನಕ್ಕೆ ಇಬ್ಬರು ಅಮ್ಮಂದಿರು ಅಂದ್ರೆ ಒಬ್ಬೊಬ್ಬರಿಗೆ ಹೆಚ್ಚುಕಮ್ಮಿ ವಾರಕ್ಕೊಂದು ದಿನ ಬರುತ್ತೆ. ಮನೇಲಿರೋಳು ಬರ್ತಾಳೆ. ಐಟಿಯೋಳು ವರ್ಕ್ ಫ್ರಮ್ ಹೋಮ್ ಅಂತ ಹೆಂಗೋ ಹೊಂದಿಸ್ತಾಳೆ. ಗಾರ್ಮೆಂಟ್ಸ್‌ಗೆ ಹೋಗೋಳು ಒಂದು ದಿನ ರಜ ಹಾಕಿದ್ರೆ ಆ ದಿನದ ಕೂಲಿ ಹೋಯ್ತು. ಆಗ ಏನಾಗುತ್ತೆ ಅಂದ್ರೆ, ಹೊತ್ತಿದ್ದೋರ ಮಕ್ಕಳೇ ಉಳಿದು ಹೊತ್ತಿಲ್ಲದೋರ ಮಕ್ಕಳು ಮೆಲ್ಲಗೆ ಬಿಟ್ಟು ಹೋಗ್ತವೆ. ಮಹಿಳಾ ಸಮಾಜದ ಶಿಶುವಿಹಾರದಲ್ಲಿ ಆಗಿದ್ದೂ ಅದೇ. ಅದಕ್ಕೆ ಅರ್ಜಿ ಬರೆಯೋವಾಗಲೇ ಯೋಚನೆ ಮಾಡ್ಬೇಕು. ಸಂಬಳಕ್ಕೆ ಒಬ್ರು ಟೀಚರ್ ಇರ್ಲೇಬೇಕು. ಅಮ್ಮನ ಪಾಲು ಬೆಳಗಿನ ಹೊತ್ತೇ ಆಗ್ಬೇಕಂತಿಲ್ಲ. ಭಾನುವಾರ ಚಾಪೆ ಒಗೆಯೋದು, ಬಟ್ಟೆ ಗೊಂಬೆ ಹೊಲಿಯೋದು, ರಾತ್ರಿ ಕೂತು ಲೆಕ್ಕ ಬರೆಯೋದು, ಇವೆಲ್ಲಾ ಪಾಲೇ. ಹೊಲಿಗೇಲಿ ಗಾರ್ಮೆಂಟ್ಸ್‌ನೋಳ ಕೈ ಮುಂದೆ ನಾವ್ಯಾರು? ಮತ್ತೆ ಅಪ್ಪನ ಪಾಲೂ ಬರೆಸ್ಕೊಳ್ಳಿ. ಗಿಜುಭಾಯಿಗೆ ಮೀಸೆ ಇತ್ತು.

ಇದೆಲ್ಲಾ ಆಗೋ ತನಕ ಬರೋ ಜೂನಿಗೆ ಮಗುನ ಸೇರಿಸೋರು ಎಲ್ಲಿಗೆ ಹೋದ್ರೂ ಇಷ್ಟು ಕೇಳಿ. ನಾನು ಹೇಳದೆ ಕೇಳದೆ ಬಂದ್ರೆ ಒಳಗೆ ಬಿಡ್ತೀರಾ? ಮಗು ಬಗ್ಗೆ ಮಾತಾಡೋಕೆ ವಾರಕ್ಕೆ ಹತ್ತು ನಿಮಿಷ ಯಾರು ಕೊಡ್ತೀರ? ಫೀಸಿನ ದುಡ್ಡಲ್ಲಿ ಟೀಚರಿಗೆ ಎಷ್ಟು ಹೋಗುತ್ತೆ? ಈ ಮೂರನೇದಕ್ಕೆ ಉತ್ತರ ಬರಲ್ಲ, ಆದ್ರೂ ಕೇಳಿ. ಒಂದನೇ ಕ್ಲಾಸಿಗೆ ಆರು ವರ್ಷ ಅಂತ ನಿಯಮ ಆಗಿರೋದ್ರಿಂದ ಮೂರಕ್ಕೆ ಸೇರಿಸಿದ್ರೆ ಮೂರು ವರ್ಷ ಅಲ್ಲೇ ಇರುತ್ತೆ ಮಗು. ಎರಡೂವರೆಗೇ ತಳ್ಳೋ ಅವಸರ ಏನೂ ಇಲ್ಲ.

ಅಂಗನವಾಡಿಗೆ ಕಳಿಸೋರು ಕಾರ್ಯಕರ್ತೆ ಹತ್ರ ಬಾಲವಿಕಾಸ ಸಮಿತೀಲಿ ಈಗ ಯಾರ್ಯಾರಿದ್ದಾರೆ, ಹೋದ ಸಲ ಯಾವಾಗ ಸೇರಿದ್ರು, ಜಂಟಿ ಖಾತೆ ಪಾಸ್‌ಬುಕ್ ಎಲ್ಲೈತೆ ಅಂತ ವಿಚಾರಿಸಿ. ಜಗಳಕ್ಕಲ್ಲ ಕಣ್ರಮ್ಮ, ಆಯಮ್ಮನಿಗೂ ಕಮ್ಮಿ ದುಡ್ಡಿಗೆ ಸಾವಿರ ಕೆಲಸ ಹೇರವ್ರೆ, ಜೊತೆಗೆ ನಿಲ್ಲೋರು ಬೇಕು. ಮೀಟಿಂಗ್ ಯಾವ ದಿನ ಅಂತ ಗೊತ್ತಾದ್ರೆ ನಂಗೂ ತಿಳಿಸಿ. ಸಂಜೆ ಆರರ ಮೇಲೆ ಇಡೋಕೆ ಆಗುತ್ತಾ ಅಂತಾನೂ ಕೇಳಿ, ಫ್ಯಾಕ್ಟರಿ ಬಸ್ಸು ಅಷ್ಟೊತ್ತಿಗೆ ಬಂದಿರುತ್ತೆ.